ಕಟ್ಟೆಯ ಮೇಲೆ ಓದಬೇಕಾದ ಪತ್ರ

ಕೊಣ್ಣೂರ, ೧೨ ಮಾರ್ಚ್ ೧೯೬೩

ಹುಕ್ಕೇರಿಯ ಅಕ್ಕ ಸತ್ತೆವ್ವನವರಿಗೆ ನಿಮ್ಮ ತಮ್ಮನ ಹೆಂಡತಿ ಅಲ್ಲವ್ವನ ನಮಸ್ಕಾರ.

ನನ್ನ ಮಗಳು ಉದ್ದವ್ವ ಸಾಲಿಯಲ್ಲಿ ಕಲಿಸುವ ಅಕ್ಕೋರಾದಳೆಂದು ತಿಳಿದು, ನಿಮ್ಮ ಮಗನಿಗೆ ಅವಳನ್ನು ಮತ್ತೆ ಕೇಳಿ ಕಳಿಸಿದ್ದೀರಿ. ತೊಟ್ಟಿಲಲ್ಲೇ ಅವಳಿಗೆ ಕುಂಕುಮವಿಟ್ಟು ನಿಮ್ಮ ಸೊಸೆಯೆಂದವರು ನೀವೇ. ಮೂರು ವರ್ಷದವಳು ರೊಟ್ಟಿಗೆ ‘ಲೊಟ್ಟಿ’, ಕುದರಿಗೆ ‘ತುದಲಿ’ ಎಂದಾಗ, “ಇಂಥಾ ತೊದಲಿ ನಮ್ಮ ಮನಿಗಿ ಬ್ಯಾಡವ್ವಾ!” ಎಂದು ಓಣಿಯವರ ಮುಂದೆ ಮಾತು ಮುರಿದವರೂ ನೀವೇ. ನಿಮ್ಮ ಮಗ ಅದೇ ವಯಸ್ಸಿನಲ್ಲಿ ಕಾಕಾನನ್ನು ‘ತಾತಾ’ ಎಂದಾಗ ಮುತ್ತು ಕೊಟ್ಟಿದ್ದಿರಿ.

ಐದು ತುಂಬುವುದರೊಳಗೆ ಉದ್ದವ್ವನ ನಾಲಿಗೆ ತಾನಾಗಿ ಹೊರಳಿತು. ಆದರೆ ತೊದಲಿ ಎಂಬ ಹೆಸರು ಹೋಗಲು ಹತ್ತು ವರ್ಷ ಬೇಕಾಯಿತು. ಮಾತು ಮುರಿದ ದಿನದಿಂದ ಇಲ್ಲಿಯವರೆಗೆ ನೀವು ಅವಳ ಮುಖ ನೋಡಿಲ್ಲ.

ನಿಮಗೆ ಓದಲು ಬರುವುದಿಲ್ಲ. ಪತ್ರ ಬಂದರೆ ಓಣಿಯವರನ್ನು ಕಟ್ಟೆಯ ಮೇಲೆ ಕೂಡಿಸಿ ಓದಿಸುತ್ತೀರಿ. ಅದಕ್ಕೇ ಇದನ್ನು ಅಂಚೆಗೆ ಹಾಕಲಿಲ್ಲ. ಎಲ್ಲರೂ ಕೂಡಿದ ಮೇಲೆಯೇ ಓದು ಎಂದು ತಂದವಳಿಗೆ ಹೇಳಿದ್ದೇನೆ.

ಇಲ್ಲಿಯವರೆಗೆ ಓದಿದವಳೇ ಉದ್ದವ್ವ. ಎಲ್ಲಿ ತೊದಲಿದಳೆಂದು ಎಲ್ಲರ ಮುಂದೆ ಹೇಳಿರಿ.

ಬಿಸಿಲಲ್ಲಿ ಬಂದಿದ್ದಾಳೆ, ಒಂದು ತಂಬಿಗೆ ನೀರು ಕೊಡಿರಿ. ಹೆಣ್ಣು ನಾವು ಕೊಡುವುದಿಲ್ಲ.

ಇಂತಿ,
ಉದ್ದವ್ವನ ತಾಯಿ ಅಲ್ಲವ್ವ