ಫ್ಯಾಮಿಲಿ ಅಂದರೆ ಯಾರು

ಮಾರ್ಚ್ ೫, ಬುಧವಾರ

ಸಿಟ್ಟು ಇನ್ನೂ ಇಳಿದಿಲ್ಲ. ಆಫೀಸಿನ ಕೆಲಸಕ್ಕೆ ಸುರಪುರಕ್ಕೆ ಹೋದವಳು ಮಧ್ಯಾಹ್ನ ಊಟಕ್ಕೆ ಒಂದು ಖಾನಾವಳಿ ಹೊಕ್ಕೆ. ಕೂರುವುದರೊಳಗೆ ಮಾಲೀಕ, "ಮೇಡಂ, ಫ್ಯಾಮಿಲಿ ಒಳಗ್ರಿ" ಎಂದು ಪರದೆ ಹಾಕಿದ ಒಳಕೋಣೆ ತೋರಿಸಿದ.

ನಮ್ಮ ಆಫೀಸಿನ ಚಂದಪ್ಪ ಸರ್ "ಫ್ಯಾಮಿಲಿ ಊರಿಗಿ ಹೋಗ್ಯಾರ" ಅಂದರೆ ಹೆಂಡತಿ ಹೋಗಿದ್ದಾರೆ ಎಂದರ್ಥ. ಆ ಲೆಕ್ಕದಲ್ಲಿ, ಮದುವೆಯೇ ಆಗದ ನಾನು ಯಾರ ಫ್ಯಾಮಿಲಿ? ಹಸಿವಾಗಿತ್ತು, ಪರದೆ ಸರಿಸಿ ಹೋಗಿ ಕೂತೆ. ಒಳಗೆ ಇದ್ದದ್ದು ಒಂದೇ ಟೇಬಲ್, ಫ್ಯಾನೂ ಇಲ್ಲ.

ಅರ್ಧ ರೊಟ್ಟಿ ತಿನ್ನುವಷ್ಟರಲ್ಲಿ ಅವನೇ ಮತ್ತೆ ಬಂದ. "ಸ್ವಲ್ಪ ಹೊರಗ ಕುಂದರ್ರಿ ಮೇಡಂ, ಫ್ಯಾಮಿಲಿ ಬಂದಾರ."

"ಮತ್ತ ನಾ ಯಾರ್ರಿ?"

"ನೀವು ಒಬ್ಬರೇ ಅದೀರಲ್ರಿ."

ಅವನ ಹಿಂದೆ ಗಂಡ-ಹೆಂಡತಿ ಇಬ್ಬರು ನಿಂತಿದ್ದರು. ತಾಟು ಎತ್ತಿಕೊಂಡು ಹೊರಗೆ ಬಂದು ಗಂಡಸರ ನಡುವೆ ಕೂತೆ. ಎಲ್ಲರೂ ನನ್ನನ್ನೇ ನೋಡಿದರು.

ಸ್ವಲ್ಪ ಹೊತ್ತಿಗೆ, ಗಂಡನೊಂದಿಗೆ ಒಳಗೆ ಹೋಗಿದ್ದ ಆ ಹೆಂಗಸು ತನ್ನ ತಾಟು ಹಿಡಿದುಕೊಂಡು ಬಂದು ನನ್ನ ಎದುರು ಕೂತಳು. ಹೆಸರು ಮಾಳಮ್ಮ, ರಂಗಂಪೇಟೆಯವಳಂತೆ.

"ಒಳಗ ಭಾಳ ಧಗಿ ಅದ ಯವ್ವಾ. ನಾನೂ ಇಲ್ಲೇ ಉಣ್ತೀನಿ."

ಅವಳ ಗಂಡ ಪರದೆಯ ಹಿಂದೆ ಒಬ್ಬನೇ ಕೂತು ನಿಧಾನವಾಗಿ ಉಂಡ. ಅವನನ್ನು ಮಾತ್ರ ಯಾರೂ ಎಬ್ಬಿಸಲಿಲ್ಲ.