ಅಮ್ಮನ ಹೂಂ

ಜೂನ್ ೧೧, ಮಂಗಳವಾರ

ಆಫೀಸಿನಲ್ಲಿ, ವೈಫೈ ನಡೆಸುವ ಡ್ರೈವರ್ ಪ್ರೋಗ್ರಾಮಿನಲ್ಲಿ, ಕಳಿಸಿದ್ದಕ್ಕೆ ‘ತಲುಪಿತು’ ಅನ್ನೋ ಉತ್ತರ ಬರುವವರೆಗೆ ಕಾಯುವುದನ್ನೂ, ಅದು ಬರದಿದ್ದರೆ ಮತ್ತೆ ಕಳಿಸುವುದನ್ನೂ ಇವತ್ತು ಆಫ್ ಮಾಡಿದೆ. ನಾವು ಮಾಡುತ್ತಿರುವ ಕ್ಯಾಮೆರಾದ ಚಿತ್ರ ತಡವಾಗಬಾರದಂತೆ. ಪರೀಕ್ಷೆ ಮಾಡುವಾಗ, ಚಿತ್ರ ಪಡೆಯಬೇಕಾದ ಆಚೆ ಕಡೆಯ ರಿಸೀವರ್ ಆನ್ ಮಾಡುವುದನ್ನೇ ಮರೆತಿದ್ದೆ. ಆದರೂ ಹಾಳು ಪರದೆ, ಎಲ್ಲ ಸರಿಯಾಗಿ ಹೋಯಿತು ಅಂತಲೇ ತೋರಿಸಿತು.

ಚಿಕ್ಕವಳಿದ್ದಾಗ ಕಥೆ ಕೇಳುತ್ತಾ ನಾನು ಹೂಂಗುಟ್ಟದಿದ್ದರೆ ಅಮ್ಮ, “ನಿದ್ದೆ ಬಂತೇನೇ?” ಅಂತ ಕೇಳಿ ಅದೇ ಮಾತನ್ನು ಮತ್ತೆ ಹೇಳುತ್ತಿದ್ದಳು. ಈಗ ಆಸ್ಪತ್ರೆಯಲ್ಲಿ ಅವಳಿಗೆ ಪ್ರಜ್ಞೆಯೇ ಇಲ್ಲ. ಸಂಜೆ, ಅವಳ ಹೂಂಗೆ ಕಾಯದೆ ಮಾತಾಡುತ್ತಾ ಹೋಗೋಣ ಅಂದುಕೊಂಡೆ. ಆಗಲಿಲ್ಲ. “ಅಮ್ಮಾ, ನಾನು ಕಣೇ” ಅಂದವಳು ಕಾಯುತ್ತಾ ನಿಂತೆ. ಮತ್ತೆ ಅಂದೆ. ಮತ್ತೆ.

ಪಕ್ಕದ ಮಂಚದ ಅಜ್ಜಿಗೆ ತಡೆಯಲಾಗಲಿಲ್ಲವೇನೋ. “ಹೂಂ, ಹೇಳು ಮಗಾ” ಅಂದರು.