ಹನ್ನೊಂದೂವರೆಯ ವಿಮಾನಕ್ಕೆ ಮಂಜಿಲ್ಲ

ಫೆಬ್ರವರಿ 9, ಸೋಮವಾರ

ಪ್ರೀತಿಯ ಮರಿ,

‘ಅಮ್ಮನಿಗೂ ನನಗೂ ನಡುವೆ ಅಂದು ಬರೀ ಒಂದು ಮಂಜು ನಿಂತಿತ್ತು.’ ಹೀಗೇ ಅಲ್ಲವೇ ನೀನು ಬರೆದದ್ದು? ‘ಬರೀ ಒಂದು ಮಂಜು’ ಎಂದೋ, ‘ಒಂದು ಮುಂಜಾವಿನ ಮಂಜು’ ಎಂದೋ, ಸರಿಯಾಗಿ ನೆನಪಾಗುತ್ತಿಲ್ಲ. ನಿನ್ನ ಲೇಖನ ಬಂದ ಪತ್ರಿಕೆ ನಮ್ಮ ಆಫೀಸಿನಲ್ಲಿ ಕೈಯಿಂದ ಕೈಗೆ ಹೋಗಿ, ಕೊನೆಗೆ ಯಾರೋ ಅದರ ಮೇಲೆ ಕಾಫಿ ಲೋಟ ಇಟ್ಟರು. ಆ ಸಾಲಿನ ಮೇಲೇ ಕಲೆ. ಸಾಲು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮಂಜು ನಿಂತಿದ್ದಾದರೂ ಎಲ್ಲಿ? ನಿಮ್ಮ ಊರಿನಲ್ಲೋ, ನಮ್ಮ ಊರಿನಲ್ಲೋ? ಕವಿತೆ ಓದುವವಳು ಇಂಥ ಪ್ರಶ್ನೆ ಕೇಳಬಾರದು. ವಿಮಾನ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುವವಳು ಕೇಳದೆ ಇರಲಾರಳು.

ನಾನು ಕ್ಷೇಮ. ನೀನು, ನಿನ್ನ ಹೆಂಡತಿ, ಮಗು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನ ಮೆಸೇಜು ಬಂದು ಇಪ್ಪತ್ತು ದಿನವಾಯಿತು. ‘ಅಕ್ಕಾ, ಲೈಬ್ರರಿಯವರು ಇಪ್ಪತ್ತೆರಡನೇ ತಾರೀಕು ಅಮ್ಮನ ಮೇಲೆ ಬರೆದ ಲೇಖನ ಓದೋಕೆ ಕರೆದಿದ್ದಾರೆ. ಮೊದಲ ಸಲ ನಿಮ್ಮ ಪುಟಾಣಿ ಏರ್‌ಪೋರ್ಟಲ್ಲಿ ಇಳೀತೀನಿ, ಏನೇನು ತಿಳ್ಕೊಂಡಿರಬೇಕು ಹೇಳು, ಟಿಕೆಟ್ಟೂ ನೀನೇ ಮಾಡ್ಸು’ ಎಂದಿದ್ದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಕಷ್ಟದ ಮಾತು ಬಂದ ತಕ್ಷಣ ನಿನಗೆ ‘ಹಲೋ, ಹಲೋ, ಕೇಳಿಸ್ತಿಲ್ಲ’ ಆಗುತ್ತದೆ. ಕಾಗದಕ್ಕೆ ಆ ಸೌಲಭ್ಯವಿಲ್ಲ.

ಸರಿ, ಕೇಳು. ಹಿಂದಿರುಗುವ ದಿನ ವಿಮಾನ ಹೊರಡುವ ಒಂದು ಗಂಟೆ ಮುಂಚೆಯೇ ಕೌಂಟರಿನ ಮುಂದೆ ಇರು. ಬೋರ್ಡಿಂಗ್ ಪಾಸ್ ಕೊಡುವವನೇ ನಮ್ಮಲ್ಲಿ ಬ್ಯಾಗು ಹೇರುವವನು, ಗೇಟಿನಲ್ಲಿ ಚೀಟಿ ಹರಿಯುವವನೂ ಅವನೇ. ಸರ್ವಾಂತರ್ಯಾಮಿ ಎಂದೇ ಅವನ ಹೆಸರು. ಸಮಯವಾದ ತಕ್ಷಣ ಕೌಂಟರು ಮುಚ್ಚಿ, ಕೈಗವಸು ಹಾಕಿಕೊಂಡು ಬಿಸಿಲಿಗೆ ನಡೆದುಬಿಡುತ್ತಾನೆ. “ಪಾಪ, ಬೇಡ್ಕೊಳ್ತಾರಲ್ಲೋ” ಎಂದರೆ, “ಬೇಡ್ಕೊಳ್ಳೋಕೆ ಎದುರಿಗೆ ಮನುಷ್ಯ ಇರಬೇಕಲ್ಲ ಮೇಡಂ? ಅದಕ್ಕೇ ನಾನು ಇರಲ್ಲ” ಎನ್ನುತ್ತಾನೆ. ಅದು ಎಷ್ಟು ಅನುಕೂಲದ ಉಪಾಯವೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿನ್ನ ಪುಸ್ತಕದ ಕಟ್ಟುಗಳನ್ನು ಹೊತ್ತು ತರಬೇಡ. ವಿಮಾನ ಚಿಕ್ಕದು, ತಲೆಯ ಮೇಲಿನ ಗೂಡು ಇನ್ನೂ ಚಿಕ್ಕದು. ತೂಕ ನೋಡಿ ಜನರನ್ನು ಹಿಂದೆ ಮುಂದೆ ಕೂರಿಸಿರುತ್ತಾರೆ, ಹಾಗಾಗಿ ಮನಸ್ಸು ಬಂದಂತೆ ಬೇರೆ ಸಾಲಿಗೆ ಸೀಟು ಬದಲಾಯಿಸಲು ಬಿಡುವುದಿಲ್ಲ. ಇಳಿದ ಮೇಲೆ ನಿಲ್ದಾಣದ ಒಳಗೆ ಫೋನು ಸಿಗುವುದಿಲ್ಲ, ತಗಡಿನ ಚಾವಣಿ. ಹೊರಗೆ ಮೂರನೇ ದೀಪದ ಕಂಬದ ಹತ್ತಿರ ಸಿಗುತ್ತದೆ. ಟ್ಯಾಕ್ಸಿ ಇರುವುದು ಮೂರೇ. ಕಾಫಿ ಯಂತ್ರವನ್ನು ನಂಬಬೇಡ.

ಇನ್ನು ಮಂಜು. ಇದನ್ನು ನಮ್ಮ ನಿಲ್ದಾಣಕ್ಕೆ ಬರುವ ಪ್ರತಿಯೊಬ್ಬರೂ ತಿಳಿದಿರಬೇಕು, ಬರೆಯುವವರಂತೂ ಬರೆಯುವ ಮುಂಚೆ ತಿಳಿದಿರಬೇಕು. ಮಂಜಿನಲ್ಲಿ ವಿಮಾನ ಇಳಿಸುವ ಸಲಕರಣೆ ನಮ್ಮಲ್ಲಿಲ್ಲ. ಪೈಲಟ್ಟಿಗೆ ರನ್‌ವೇ ಕಣ್ಣಾರೆ ಕಾಣಬೇಕು. ಅದಕ್ಕಾಗಿಯೇ ಚಳಿಗಾಲದಲ್ಲಿ ನಮಗೆ ಬೆಳಗಿನ ವಿಮಾನವಿಲ್ಲ. ಮಂಜು ಒಂಬತ್ತಕ್ಕೆ ಕರಗುತ್ತದೆ, ನಿಮ್ಮ ಊರಿನ ವಿಮಾನ ಹನ್ನೊಂದೂವರೆಗೆ ಬರುತ್ತದೆ. ನಿಲ್ದಾಣ ಶುರುವಾಗಿ ಮೂರು ಚಳಿಗಾಲ ಕಳೆಯಿತು, ಮಂಜಿನ ಕಾರಣಕ್ಕೆ ಆ ವಿಮಾನ ಒಂದು ದಿನವೂ ನಿಂತಿಲ್ಲ.

ಅಮ್ಮ ಹೋದ ದಿನ, ಡಿಸೆಂಬರ್ ಹದಿನೇಳನೇ ತಾರೀಕೂ ನಿಂತಿರಲಿಲ್ಲ. ನಿಮ್ಮಲ್ಲಿ ಹತ್ತೂ ಇಪ್ಪತ್ತಕ್ಕೆ ಹೊರಟು ನಮ್ಮಲ್ಲಿ ಹನ್ನೊಂದು ಮೂವತ್ತೆರಡಕ್ಕೆ ಇಳಿಯಿತು. ನಿನ್ನ ಆ ಟಿಕೆಟ್ಟನ್ನು ಮಾಡಿಸಿದವಳೂ ನಾನೇ, ಏಳನೇ ಸಾಲು, ಕಿಟಕಿಯ ಪಕ್ಕ.

ಅಂದು ಒಂಬತ್ತು ಗಂಟೆಗೆ ನೀನು ಫೋನ್ ಮಾಡಿದೆ. “ಅಕ್ಕಾ, ಮಂಜಂತೆ. ಫ್ಲೈಟ್ ಕ್ಯಾನ್ಸಲ್ ಮಾಡ್ಬಿಟ್ರು. ನಾಳೆ ಕಾರಲ್ಲಾದ್ರೂ ಬರ್ತೀನಿ.” ದಿನಾ ಇದೇ ವಿಮಾನವನ್ನು ಮೈಕಿನಲ್ಲಿ ಕೂಗುವವಳು ನಾನು, ಆದರೂ ನಂಬಿದೆ. ‘ಎಂ.ಎ.ಯಲ್ಲಿ ಕಾವ್ಯ ಓದಿ, ಪ್ರಯಾಣಿಕರ ಗಮನಕ್ಕೆ ಅನ್ನೋ ಒಂದೇ ಪದ್ಯ ಹೇಳ್ತಾ ಇದ್ದೀಯಲ್ಲಕ್ಕಾ’ ಎಂದು ನಗುತ್ತಿದ್ದೆಯಲ್ಲ, ಆ ಪದ್ಯವನ್ನೂ ಮರೆತು ನಂಬಿದೆ. ನಿಮ್ಮ ಕಡೆ ಮಂಜಿರಬೇಕು ಎಂದುಕೊಂಡೆ. ತಮ್ಮನ ಮಾತಿಗೆ ಯಾರು ವೇಳಾಪಟ್ಟಿ ತೆಗೆದು ನೋಡುತ್ತಾರೆ? ಅಮ್ಮನ ಕಿವಿಯ ಹತ್ತಿರ ಬಾಗಿ ಹೇಳಿದೆ. ಅಮ್ಮ ಕಣ್ಣು ಬಿಟ್ಟು, “ಮಂಜಲ್ಲಿ ಬರೋದು ಬೇಡ ಕಣೇ. ಕರಗಿದ ಮೇಲೆ ಬರಲಿ ಅನ್ನು. ನಾನೇನು ಓಡಿ ಹೋಗ್ತೀನಾ?” ಎಂದರು.

ಆ ಮಾತನ್ನು ನಿನಗೆ ಹೇಳಿದ್ದು ನಾನು. ನೀನು ಅದನ್ನು ಲೇಖನದ ಕೊನೆಗೆ ತಂದು ಇಟ್ಟೆ. ಅದರ ಕೆಳಗೆ ನಿನ್ನದೊಂದು ವಾಕ್ಯ: ‘ಅಮ್ಮ ಮಂಜನ್ನು ಕ್ಷಮಿಸಿ ಹೋದಳು.’ ಲೈಬ್ರರಿ ಕಾರ್ಯದರ್ಶಿಗಳು ಅದನ್ನು ಓದಿ ನನ್ನ ಮುಂದೆ ಕಣ್ಣೊರೆಸಿಕೊಂಡರು.

ನೀನು ಎಲ್ಲಿದ್ದೆ ಎಂದು ನಾನು ಹುಡುಕಿಕೊಂಡು ಹೋಗಲಿಲ್ಲ. ನಿಮ್ಮ ಊರಿನ ಪೇಪರು ವಿಮಾನದಲ್ಲೇ ಬರುತ್ತದಲ್ಲ, ಪ್ರಯಾಣಿಕರು ಸೀಟಿನಲ್ಲಿ ಬಿಟ್ಟುಹೋದದ್ದು ನಮ್ಮ ಮೇಜಿಗೆ ಬಂದು ಬೀಳುತ್ತದೆ. ನಾನು ಮತ್ತೆ ಕೆಲಸಕ್ಕೆ ಹೋದ ದಿನ ಹಳೆಯ ರಾಶಿಯಲ್ಲಿ ಹದಿನೆಂಟರ ಪೇಪರಿನಲ್ಲಿ ಒಂದು ಚಿತ್ರ ಸಿಕ್ಕಿತು. ಹದಿನೇಳರ ಬೆಳಗ್ಗೆ, ಯಾರದೋ ಪುಸ್ತಕ ಬಿಡುಗಡೆ, ಹುಲ್ಲುಹಾಸಿನ ಮೇಲೆ. ಎಡದಿಂದ ಮೂರನೆಯವನು ನೀನು. ನಿನ್ನ ಕನ್ನಡಕದಲ್ಲಿ ಬಿಸಿಲು ಹೊಳೆಯುತ್ತಿದೆ.

‘ಹೆದರಿಕೆ ಆಗುತ್ತೆ ಅಕ್ಕಾ, ಅಮ್ಮನ ಆ ಮುಖ ನೋಡೋಕಾಗಲ್ಲ’ ಎಂದಿದ್ದರೆ ನಾನು ಒಪ್ಪುತ್ತಿದ್ದೆ. ನಾನೂ ದಿನಾ ಹೆದರುತ್ತಲೇ ನೋಡಿದವಳು. ‘ಕಾರ್ಯಕ್ರಮ ಇದೆ, ಬರಲ್ಲ’ ಎಂದಿದ್ದರೂ ಬೈದು ಸುಮ್ಮನಾಗುತ್ತಿದ್ದೆ. ಸುಳ್ಳನ್ನೂ ನುಂಗಿಕೊಂಡೆ ಮರಿ, ಒಂದು ತಿಂಗಳು. ಆದರೆ ಆ ಸುಳ್ಳಿಗೆ ನೀನು ಚೌಕಟ್ಟು ಹಾಕಿಸಿ, ಈಗ ಅಮ್ಮ ಬದುಕಿದ್ದ ಊರಿನಲ್ಲೇ ಮೊಳೆ ಹೊಡೆದು ತೂಗುಹಾಕಲು ಬರುತ್ತಿದ್ದೀಯ. ಅದಕ್ಕೆ ಗೋಡೆ ನಾನು ಕೊಡುವುದಿಲ್ಲ.

ಟಿಕೆಟ್ ಮಾಡಿಸಿದ್ದೇನೆ. ಇಪ್ಪತ್ತೊಂದು, ಶನಿವಾರ. ಏಳನೇ ಸಾಲು, ಕಿಟಕಿಯ ಪಕ್ಕ. ನಿನ್ನ ಜೊತೆಯ ಸೀಟಿನಲ್ಲಿ ನಮ್ಮ ಎದುರುಮನೆಯ ಹೊಲಿಗೆ ಅತ್ತೆ ಇರುತ್ತಾರೆ. ನೆನಪಿದೆಯಲ್ಲ, ನಿನ್ನ ಶಾಲೆಯ ಚಡ್ಡಿಗಳನ್ನೆಲ್ಲ ಹೊಲಿದವರು. ಮಗಳ ಮನೆಗೆಂದು ನಿಮ್ಮ ಊರಿಗೆ ಬಂದವರು ಅದೇ ವಿಮಾನದಲ್ಲಿ ಹಿಂದಿರುಗುತ್ತಿದ್ದಾರೆ. ಈಗ ಅವರಿಗೆ ಒಂದು ಕಿವಿ ಮಂದ, ಹಾಗಾಗಿ ಮಾತು ಬಹಳ ಜೋರು. ವಿಮಾನದ ಫ್ಯಾನಿನ ಸದ್ದನ್ನೂ ಮೀರಿ ಹಿಂದಿನ ಸಾಲಿನವರೆಗೆ ಕೇಳಿಸುತ್ತದೆ. ಒಂದು ಗಂಟೆ ಹತ್ತು ನಿಮಿಷ. ಸೀಟು ಬದಲಾಯಿಸಲು ಆಗುವುದಿಲ್ಲವೆಂದು ಮೇಲೆ ಬರೆದಿದ್ದೇನೆ.

ಭಾನುವಾರ ನಿನ್ನನ್ನು ಪರಿಚಯ ಮಾಡಿಕೊಡುವವಳು ನಾನೇ. “ಎರಡೇ ನಿಮಿಷ ಮೇಡಂ, ನಿಮ್ಮ ತಮ್ಮನ ಬಗ್ಗೆ ನೀವಲ್ಲದೆ ಇನ್ಯಾರು ಹೇಳ್ಬೇಕು?” ಎಂದರು ಕಾರ್ಯದರ್ಶಿಗಳು. ನಿಜವಾದ ಮಾತು. ಮಂಜಿನ ಸಾಲು ಹೊಡೆದು ಹಾಕಿ, ಆ ಬೆಳಗ್ಗೆ ಎಲ್ಲಿದ್ದೆ ಎಂದು ನಿನ್ನ ಕೈಯಲ್ಲೇ ಬರೆದು ತಂದರೆ, ನೀನು ಚಡ್ಡಿಯ ಜೇಬಿನಲ್ಲಿ ಬಳಪ ಕದ್ದು ತರುತ್ತಿದ್ದ ಕತೆ ಹೇಳಿ ಇಳಿದುಬಿಡುತ್ತೇನೆ. ಇಲ್ಲವಾದರೆ ನನ್ನ ಒಂದೇ ಪದ್ಯ ಹೇಳುತ್ತೇನೆ: ಪ್ರಯಾಣಿಕರ ಗಮನಕ್ಕೆ, ಡಿಸೆಂಬರ್ ಹದಿನೇಳು, ಹನ್ನೊಂದು ಮೂವತ್ತೆರಡು. ಮೈಕು ನನಗೆ ಹೊಸದಲ್ಲ. ನೀನು ಬಾರದೇ ಹೋದರೆ ಇನ್ನೂ ಸುಲಭ. ಖಾಲಿ ಸೀಟಿನ ಬಗ್ಗೆ ಮಾತಾಡಲು ನನಗೆ ಎರಡು ನಿಮಿಷ ಬೇಕಾಗುವುದಿಲ್ಲ.

ಆರೋಗ್ಯ ನೋಡಿಕೋ. ಮಗುವಿಗೆ ಮುತ್ತು. ನೂರು ವರ್ಷ ಬಾಳು ಮರಿ, ಮರೆವು ಮಾತ್ರ ನಿನ್ನ ಹತ್ತಿರ ಸುಳಿಯದಿರಲಿ.

ನಿನ್ನ
ಅಕ್ಕ

ಮರೆತಿದ್ದೆ: ನಿನ್ನ ಕೊನೆಯ ವಾಕ್ಯವನ್ನೂ ತಿದ್ದಬೇಕು. ಅಮ್ಮ ಮಂಜನ್ನು ನಂಬಿಕೊಂಡು ಹೋಗಲಿಲ್ಲ. ಬೆಳಕು ಬರಲಿ ಎಂದು ಮಂಚವನ್ನು ನಡುಮನೆಗೆ ತಂದು, ಬಾಗಿಲಿಗೆ ಎದುರಾಗಿ ಹಾಕಿದ್ದೆವು. ಅಂದೂ ನಿನ್ನ ಪಕ್ಕದ ಸೀಟು ಹೊಲಿಗೆ ಅತ್ತೆಯದೇ. ಅವರಿಗೆ ಜೊತೆಯಾಗಲಿ ಎಂದು ನಾನೇ ಹಾಗೆ ಮಾಡಿಸಿದ್ದೆ. ಹನ್ನೆರಡೂಕಾಲಿಗೆ ಅವರು ಮನೆಗೂ ಹೋಗದೆ, ಪೆಟ್ಟಿಗೆ ಹಿಡಿದುಕೊಂಡೇ ನಮ್ಮ ಬಾಗಿಲಿಗೆ ಬಂದರು. ಅವರು ಹೇಳಿದ್ದನ್ನು ಅಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನಗೆ, “ಬಾಗಿಲು ಹಾಕು, ಬಿಸಿಲು ಕಣ್ಣಿಗೆ ಹೊಡೀತಿದೆ” ಎಂದರು. ನಾಲ್ಕು ಗಂಟೆಗೆ ಹೋದರು. ಅಲ್ಲಿಯವರೆಗೆ ಒಂದು ಸಲವೂ ನಿನ್ನ ಬಗ್ಗೆ ಕೇಳಲಿಲ್ಲ. ಅತ್ತೆ ನಗುನಗುತ್ತಾ ಹೊಸ್ತಿಲಲ್ಲಿ ನಿಂತು ಹೇಳಿದ್ದು ಇಷ್ಟೇ:

“ಏನಮ್ಮಾ, ನಿನ್ನ ತಮ್ಮ ಹತ್ತಲೇ ಇಲ್ವಲ್ಲ! ಅವನ ಸೀಟು ಖಾಲಿ ಇತ್ತು, ಕಿಟಕಿ ಹತ್ರ ನಾನೇ ಕೂತ್ಕೊಂಡು ಬಂದೆ. ಏನು ಬಿಸಿಲು ಅಂತೀಯ! ಮೇಲಿಂದ ನಮ್ಮ ಬೀದಿ ಕಾಣಿಸ್ತು, ನಿಮ್ಮ ತಾರಸಿ ಮೇಲೆ ಅಮ್ಮನ ಹೊದಿಕೆ ಒಣಗ್ತಾ ಇರೋದು ಕೂಡ ಕಾಣಿಸ್ತು.”